ಸೋಮವಾರ ಹತ್ತೂವರೆಯ ಗಿರಾಕಿ

ಶಿವಮೊಗ್ಗದಲ್ಲಿ ತಿನ್ನೋಕೆ ಎಲ್ಲಿ ಚೆನ್ನಾಗಿದೆ? ಈ ಪ್ರಶ್ನೆಗೆ ಈಗ ಉತ್ತರಕ್ಕೇನೂ ಬರವಿಲ್ಲ. ಫೋನ್ ತೆಗೆದರೆ ಸಾಕು, ‘ಶಿವಮೊಗ್ಗದ ಟಾಪ್ ಟೆನ್’, ‘ಮಲೆನಾಡಿಗೆ ಹೋದ್ರೆ ಮಿಸ್ ಮಾಡ್ಲೇಬಾರದ ಐದು ಜಾಗ’ ಅಂತ ಸಾಲು ಸಾಲು ಪಟ್ಟಿ. ರೀಲ್ಸಿನಲ್ಲಿ ದೋಸೆ ಮೇಲೆ ಬೆಣ್ಣೆ ಕರಗುತ್ತೆ, ಹಿಂದೆ ಯಾವುದೋ ಹಾಡು ಜೋರಾಗಿ ಬರುತ್ತೆ, ಕೊನೆಗೆ ಒಬ್ಬರು ಕಣ್ಣು ಮುಚ್ಚಿ ತಲೆಯಾಡಿಸ್ತಾರೆ. ಮುಗೀತು ವಿಮರ್ಶೆ.

ಇಂಥ ಹತ್ತಿಪ್ಪತ್ತು ಪಟ್ಟಿಗಳನ್ನು ಒಟ್ಟಿಗೆ ಕೂತು ಓದಿದರೆ ಒಂದು ವಿಷಯ ಎದ್ದು ಕಾಣುತ್ತೆ. ಅವೆಲ್ಲ ಹೆಚ್ಚುಕಮ್ಮಿ ಶನಿವಾರ, ಭಾನುವಾರ ತಿಂದವರು ಬರೆದದ್ದು. ಅಂದ್ರೆ ನಾವೇ. ಬೆಂಗಳೂರಿನಲ್ಲಿ ಕೆಲಸ, ಶುಕ್ರವಾರ ರಾತ್ರಿ ಬಸ್ಸು ಇಲ್ಲಾ ರೈಲು, ಶನಿವಾರ ಬೆಳಗ್ಗೆ ಊರಿನ ದೋಸೆ, ಭಾನುವಾರ ರಾತ್ರಿ ವಾಪಸ್. ನಮ್ಮ ಪಟ್ಟಿಯಲ್ಲಿ ಪಾರ್ಕಿಂಗ್ ಇದೆಯಾ ಅನ್ನೋದು ಬರುತ್ತೆ, ಆ್ಯಂಬಿಯನ್ಸ್ ಬರುತ್ತೆ, ‘ಅಥೆಂಟಿಕ್’ ಅನ್ನೋ ಪದ ಕನಿಷ್ಠ ಎರಡು ಸಲ ಬರುತ್ತೆ. ಹೋಟೆಲ್ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತೆ, ಯಾವ ತಿಂಡಿ ಮೊದಲು ಖಾಲಿಯಾಗುತ್ತೆ, ಒಬ್ಬರೇ ಹೋದರೆ ಕೂರೋಕೆ ಜಾಗ ಇದೆಯಾ, ಮಂಗಳವಾರದ ಸಾಂಬಾರಿಗೂ ಭಾನುವಾರದ ರುಚಿಯೇ ಇರುತ್ತಾ, ಇವ್ಯಾವುವೂ ಬರೋದಿಲ್ಲ.

ನನ್ನ ತಕರಾರು ಇಷ್ಟೇ. ಒಂದು ಹೋಟೆಲನ್ನು ಒಳ್ಳೆಯದು ಮಾಡೋರು ವಾರದ ದಿನ ತಿನ್ನುವ ಮಾಮೂಲಿ ಗಿರಾಕಿಗಳು. ವಾರಕ್ಕೊಮ್ಮೆ ಬರುವ ನಾವು ಅದರ ಫಲ ಉಂಡು, ಹೊಗಳಿಕೆಯನ್ನು ಗೋಡೆಯ ಬಣ್ಣಕ್ಕೂ ಹಳೇ ಕುರ್ಚಿಗೂ ಕೊಟ್ಟು ಬರ್ತೀವಿ.

ಇದು ಭಾವನೆಯ ಮಾತೇನಲ್ಲ, ಹಿಟ್ಟಿನ ಲೆಕ್ಕ. ದೋಸೆ ಹಿಟ್ಟು ರುಬ್ಬಿ ರಾತ್ರಿಯಿಡೀ ಹುದುಗಬೇಕು. ಬೆಳಗ್ಗೆ ಕೆಲವು ಗಂಟೆ ಅದು ಸರಿಯಾದ ಹದದಲ್ಲಿರುತ್ತೆ, ಆಮೇಲೆ ಹುಳಿ ಏರುತ್ತೆ. ನಾಳೆ ಎಷ್ಟು ಜನ ಬರ್ತಾರೆ ಅಂತ ಹೋಟೆಲಿನವರು ಇವತ್ತು ಸಂಜೆಯೇ ಅಂದಾಜು ಮಾಡಬೇಕು. ದಿನಾ ಬರುವ ಜನ ಇದ್ದರೆ ಅಂದಾಜು ತಪ್ಪೋದಿಲ್ಲ, ರುಬ್ಬಿದ್ದು ಅವತ್ತೇ ಮುಗಿಯುತ್ತೆ, ಚಟ್ನಿಗೆ ಕಾಯಿ ಆಗಾಗ ತುರಿಯುತ್ತಾರೆ, ಕಾವಲಿ ಆರೋದೇ ಇಲ್ಲ. ಶನಿವಾರ ನಾನೂರು ಜನ, ಬುಧವಾರ ನಲವತ್ತು ಜನ ಅಂತಾದರೆ ಏನಾಗುತ್ತೆ? ಹಿಟ್ಟು ಫ್ರಿಜ್ಜಿಗೆ ಹೋಗುತ್ತೆ, ಗ್ರೇವಿ ಡಬ್ಬಕ್ಕೆ ಹೋಗುತ್ತೆ, ಮೆನುವಿನಲ್ಲಿ ಕೆಡದೇ ಉಳಿಯುವ ಪದಾರ್ಥಗಳು ಹೆಚ್ಚುತ್ತವೆ. ಭಟ್ಟರ ಕೈಗುಣ ಎಷ್ಟೇ ಚೆನ್ನಾಗಿರಲಿ, ನಿನ್ನೆಯ ಹಿಟ್ಟಿನ ಹುಳಿಯನ್ನು ಅದು ತೆಗೆಯಲಾರದು.

ಶಿವಮೊಗ್ಗದಲ್ಲಿ ದೋಸೆ ಅಂದ ತಕ್ಷಣ ಬಾಯಿಗೆ ಬರುವ ಹೆಸರು ಮೀನಾಕ್ಷಿ ಭವನ. ದಶಕಗಳಿಂದ ಊರಿನ ಜನ ಒಪ್ಪಿಕೊಂಡು ಬಂದಿರುವ ಹೋಟೆಲು. ಅದನ್ನು ಈಗಿನ ಪಟ್ಟಿಗಳು ‘ಹೆರಿಟೇಜ್’ ಅಂತ ಕರೆಯುತ್ತವೆ. ಆ ಪದ ಕೇಳಿದರೆ ನನಗೆ ಸ್ವಲ್ಪ ಭಯ. ಶಿವಪ್ಪ ನಾಯಕನ ಅರಮನೆ ಹೆರಿಟೇಜು. ಅಲ್ಲಿಗೆ ಯಾರೂ ಹಸಿದು ಹೋಗೋದಿಲ್ಲ. ಹಳೇ ಹೋಟೆಲು ಉಳಿದಿರೋದು ಜನ ದಿನಾ ಹಸಿದು ಹೋಗ್ತಾರೆ ಅನ್ನೋ ಕಾರಣಕ್ಕೆ. ಮೆಗ್ಗಾನ್ ಆಸ್ಪತ್ರೆಗೆ ಸುತ್ತಮುತ್ತಲ ಜಿಲ್ಲೆಗಳಿಂದ ಬಂದ ರೋಗಿಗಳ ಮನೆಯವರು, ಕೋರ್ಟಿಗೆ ವಾಯಿದೆಗೆ ಬಂದ ಕಕ್ಷಿದಾರರು, ಸಹ್ಯಾದ್ರಿ ಕಾಲೇಜಿನ ಹುಡುಗರು, ಅಡಿಕೆ ಹಾಕೋಕೆ ಸಾಗರ ರಸ್ತೆಯ ಎಪಿಎಂಸಿಗೆ ಬಂದ ಬೆಳೆಗಾರರು: ಈ ಊರಿನ ಹೋಟೆಲುಗಳ ಸೋಮವಾರ ಹತ್ತೂವರೆಯ ಗಿರಾಕಿಗಳು ಇವರು. ಬೆಳಗಿನ ತಿಂಡಿಯ ಹೊತ್ತು ಮುಗಿದಿರುತ್ತೆ, ಊಟಕ್ಕೆ ಇನ್ನೂ ಸಮಯ ಇರುತ್ತೆ. ಆ ಹೊತ್ತಿನಲ್ಲೂ ಟೇಬಲ್ ತುಂಬಿರುವ ಹೋಟೆಲಿಗೆ ಕಣ್ಣು ಮುಚ್ಚಿಕೊಂಡು ಹೋಗಬಹುದು.

ಈಗ ಹೊಸ ಶಿವಮೊಗ್ಗಕ್ಕೆ ಬರೋಣ. ಊರಿನ ಕೈಯಲ್ಲಿ ದುಡ್ಡಿದೆ, ಇದನ್ನು ಮುಚ್ಚಿಡೋದೇನೂ ಬೇಡ. ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸ್ 1939ರಿಂದ ಇಲ್ಲಿದೆ. ರಾಶಿ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ದಾಟಿದ ವರ್ಷಗಳನ್ನೂ ಈಚೆಗೆ ನೋಡಿದ್ದೀವಿ. 2023ರ ಫೆಬ್ರವರಿ 27ಕ್ಕೆ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯ್ತು. ದುರ್ಗಿಗುಡಿಯ ಜ್ಯುವೆಲ್ ರಾಕ್ ಊರಿನ ದೊಡ್ಡ ಹೋಟೆಲು ಅನ್ನಿಸಿಕೊಂಡಿದ್ದ ಕಾಲ ಹೋಗಿ, ರಾಯಲ್ ಆರ್ಕಿಡ್‌ನಂಥ ಹೆಸರುಗಳೂ ಬಂದವು. ಮಕ್ಕಳ ಹುಟ್ಟುಹಬ್ಬಕ್ಕೆ, ನಿಶ್ಚಿತಾರ್ಥದ ಮಾತುಕತೆಗೆ ಎಸಿ ಹಾಲು ಬೇಕು. ಇರಲಿ, ಬೇಡ ಅಂದವರ್ಯಾರು.

ಹೊಸ ರೆಸ್ಟೊರೆಂಟುಗಳ ಮೆನು ಮಾತ್ರ ಯಾವ ಊರಿನದು ಅಂತ ಗೊತ್ತಾಗೋದಿಲ್ಲ. ಪನ್ನೀರ್ ಬಟರ್ ಮಸಾಲ, ನೂಡಲ್ಸ್, ಗೋಬಿ, ತಂದೂರಿ, ಪಾಸ್ತಾ. ಹೆಸರಿನ ಬೋರ್ಡು ಬದಲಿಸಿ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಇಟ್ಟರೂ ನಡೆಯುತ್ತೆ. ಅದರ ಮಧ್ಯೆ ಒಂದು ಪುಟ ‘ಮಲ್ನಾಡ್ ಸ್ಪೆಷಲ್’. ಅಕ್ಕಿ ರೊಟ್ಟಿ, ಕಡುಬು-ಕೋಳಿ ಸಾರು, ಕಳಲೆ ಪಲ್ಯ, ನೀರುದೋಸೆ. ನೋಡಿದರೆ ಖುಷಿಯೇ ಆಗುತ್ತೆ. ಆದರೆ ಮಾರಾಯ್ರೆ, ಮಲೆನಾಡಿನ ಅಡುಗೆ ತಿಂಗಳಿನ ಅಡುಗೆ. ಎಳೇ ಕಳಲೆ ಮಳೆಗಾಲದ್ದು, ಅದನ್ನೂ ನೀರು ಬದಲಿಸುತ್ತಾ ಕೆಲವು ದಿನ ನೆನೆಸಿಟ್ಟು ಆಮೇಲೆ ತಿನ್ನಬೇಕು. ಪತ್ರೊಡೆಗೆ ಕೆಸುವಿನೆಲೆ ಬರೋದು ಮಳೆ ಹಿಡಿದ ಮೇಲೆ. ಅಪ್ಪೆಮಿಡಿ ಬೇಸಿಗೆಯ ಬಾಗಿಲಲ್ಲಿ ಕೆಲವೇ ವಾರ ಸಿಗುತ್ತೆ. ಹಲಸಿನ ಹಣ್ಣಿನ ಕಡುಬಿಗೆ ಹಲಸು ಹಣ್ಣಾಗಬೇಕು. ಇವನ್ನೆಲ್ಲ ಒಂದೇ ಪುಟದಲ್ಲಿ ಲ್ಯಾಮಿನೇಟ್ ಮಾಡಿ ವರ್ಷಪೂರ್ತಿ ಕೊಡ್ತೀವಿ ಅಂದರೆ, ಜನವರಿಯ ಕಳಲೆ ಉಪ್ಪುನೀರಿನ ಭರಣಿಯಿಂದ ಬಂದಿರಬೇಕು. ಭರಣಿಯ ಕಳಲೆ ಕೆಟ್ಟದ್ದಲ್ಲ, ನಮ್ಮ ಅಜ್ಜಿಯರೂ ಇಟ್ಟಿದ್ದರು. ಅದನ್ನು ‘ಫ್ರೆಶ್ ಫ್ರಮ್ ಫಾರೆಸ್ಟ್’ ಅಂತ ಬರೆಯೋದು ಬೇಡ, ಅಷ್ಟೇ.

ಮೀನಿಗೂ ಇದೇ ಮಾತು. ಕರಾವಳಿಯ ಮೀನು ಘಾಟಿ ಹತ್ತಿ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತೆ. ಆ ಎರಡು ತಿಂಗಳಲ್ಲಿ ‘ಅಂಜಲ್ ಇಲ್ಲ ಸಾರ್, ಬಂಗುಡೆಯೂ ಇಲ್ಲ, ಕೆರೆ ಮೀನಿದೆ’ ಅನ್ನುವ ಮಿಲಿಟ್ರಿ ಹೋಟೆಲಿನ ಸಪ್ಲಯರ್ ನಿಮಗೆ ಅವಮಾನ ಮಾಡ್ತಿಲ್ಲ, ಉಪಕಾರ ಮಾಡ್ತಿದ್ದಾನೆ. ಹೋಟೆಲನ್ನು ಅಳೆಯೋಕೆ ನನ್ನ ಹತ್ತಿರ ಇರುವ ಸುಲಭದ ಪ್ರಶ್ನೆ ‘ಏನಿದೆ?’ ಅಲ್ಲ. ‘ಇವತ್ತು ಏನಿಲ್ಲ?’ ಎಲ್ಲವೂ ಇದೆ ಅನ್ನುವ ಕಡೆ ಸ್ವಲ್ಪ ಹುಷಾರಾಗಿರಿ.

ಡೆಲಿವರಿ ಆ್ಯಪ್‌ಗಳಿಗೆ ‘ಖಾಲಿ’ ಅನ್ನೋ ಪದ ಕಂಡರೆ ಆಗೋದಿಲ್ಲ. ಅಲ್ಲಿ ಮೆನು ಉದ್ದ ಇದ್ದಷ್ಟೂ ಲಾಭ, ಅಂಗಡಿ ಹೆಚ್ಚು ಹೊತ್ತು ತೆರೆದಿದ್ದಷ್ಟೂ ಲಾಭ. ಕಮಿಷನ್ ಕೊಟ್ಟು ಉಳಿಯಬೇಕಾದರೆ ಬೆಲೆ ಏರಿಸಬೇಕು, ಇಲ್ಲಾ ಪದಾರ್ಥ ಇಳಿಸಬೇಕು. ಹನ್ನೊಂದಕ್ಕೆ ತಿಂಡಿ ಮುಗಿಸಿ ಪಾತ್ರೆ ತೊಳೆಯುತ್ತಿದ್ದ ಹೋಟೆಲು ಮಧ್ಯಾಹ್ನ ಮೂರಕ್ಕೂ ಇಡ್ಲಿ ಕೊಡೋಕೆ ಹೊರಟರೆ, ಆ ಇಡ್ಲಿಯ ಜಾತಕ ಯಾರೂ ಕೇಳದಿರೋದೇ ಒಳ್ಳೇದು.

ಇಷ್ಟೆಲ್ಲ ಕೇಳಿ ‘ಇವನಿಗೆ ಹಳೇದೆಲ್ಲ ಚಿನ್ನ’ ಅಂತ ಅನ್ನಿಸಿದರೆ, ಅದೂ ಅಲ್ಲ. ಹಳೇ ಹೋಟೆಲುಗಳು ಎಲ್ಲರನ್ನೂ ಒಂದೇ ಥರ ಕೂರಿಸುತ್ತಿರಲಿಲ್ಲ. ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಅಂತ ಹೆಸರು ಹಿಡಿದು, ಅಲ್ಲಿ ಜಾತಿ-ಧರ್ಮದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅನ್ನುತ್ತೆ. ತಡೆಯುತ್ತಿದ್ದರು ಅನ್ನೋ ಕಾರಣಕ್ಕೇ ಅದನ್ನು ಬರೆಯಬೇಕಾಯ್ತು. ಇವತ್ತಿಗೂ ಸಂಜೆ ಹೊತ್ತು ಒಬ್ಬಳೇ ಹುಡುಗಿ ಹೋಗಿ ನೆಮ್ಮದಿಯಾಗಿ ಕಾಫಿ ಕುಡಿಯಬಹುದಾದ ಜಾಗ ಹೊಸ ಕೆಫೆಗಳಲ್ಲೇ ಹೆಚ್ಚು. ಚೊಕ್ಕ ಟಾಯ್ಲೆಟ್ ಇರೋದೂ ಅಲ್ಲೇ ಹೆಚ್ಚು. ಇವು ಸಣ್ಣ ವಿಷಯಗಳಲ್ಲ. ಹೊಸ ಕೆಫೆಗೂ ಸೋಮವಾರದ ಗಿರಾಕಿ ಹುಟ್ಟಿಕೊಂಡರೆ, ಅಂದ್ರೆ ಲ್ಯಾಪ್‌ಟಾಪ್ ಹಿಡಿದ ನಾಲ್ಕು ಜನ, ಟ್ಯೂಷನ್ ಮುಗಿಸಿದ ಹುಡುಗಿಯರು, ವಾಕಿಂಗ್ ಮುಗಿಸಿದ ನಿವೃತ್ತರು ದಿನಾ ಬರೋಕೆ ಶುರುಮಾಡಿದರೆ, ಅದೂ ನಿಧಾನಕ್ಕೆ ಊರಿನ ಹೋಟೆಲು ಆಗುತ್ತೆ.

ಸೋಮವಾರದ ಗಿರಾಕಿ ಇಲ್ಲವಾದರೆ ಏನಾಗುತ್ತೆ ಅಂತ ನೋಡೋಕೆ ದೂರ ಹೋಗಬೇಕಾಗಿಲ್ಲ. ಬಸ್ಸು ಹತ್ತಿ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಭದ್ರಾವತಿ. 2011ರ ಜನಗಣತಿಯಲ್ಲಿ 1.5 ಲಕ್ಷ ಜನ ಇದ್ದ ಊರು. ಆದರೂ ಯಾವ ‘ಟಾಪ್ ಟೆನ್’ನಲ್ಲೂ ಅದರ ಹೆಸರು ನಾನು ಕಂಡಿಲ್ಲ. ಹಿಂದೆ ಬೆಂಕಿಪುರ ಅಂತ ಕರೆಸಿಕೊಂಡಿದ್ದ ಈ ಊರಿನಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯ್ತು. ಕಾರ್ಖಾನೆ ಅಂದರೆ ಪಾಳಿ. ಪಾಳಿ ಅಂದರೆ ಬೆಳಗಿನ ಜಾವಕ್ಕೇ ಒಲೆ, ರಾತ್ರಿ ಪಾಳಿ ಬಿಟ್ಟವರಿಗೆ ಬಿಸಿ ಚಹಾ, ಸಂಬಳದ ದಿನ ಮನೆಗೆ ಪಾರ್ಸೆಲ್ಲು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕ್ಯಾಂಟೀನ್ ಇರಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಬಹುದು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಗೇಟಿನ ಒಳಗೆ ಕ್ಯಾಂಟೀನು, ಹೊರಗೆ ಹೋಟೆಲು. ಹೀಗೆ ಗಡಿಯಾರ ನೋಡಿ ಬರುವ ಗಿರಾಕಿಗಿಂತ ನಂಬಿಕಸ್ಥ ಗಿರಾಕಿ ಹೋಟೆಲಿಗೆ ಸಿಗೋದಿಲ್ಲ. ಕನ್ನಡ, ತಮಿಳು, ಉರ್ದು, ತೆಲುಗು ಮಾತಾಡುವ ಜನ ಒಂದೇ ಹೊತ್ತಿಗೆ ಹಸಿದು ಬರುತ್ತಿದ್ದ ಊರು ಅದು.

ಪೇಪರ್ ಮಿಲ್ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಅದೇ ವರ್ಷ ಆಗಸ್ಟಿನಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯ್ತು. ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜನವರಿಯಲ್ಲಿ ಒಂದು ಊರಿನ ಕಾರ್ಖಾನೆಗೆ ಬೀಗದ ಮಾತು, ಫೆಬ್ರವರಿಯಲ್ಲಿ ಪಕ್ಕದ ಊರಿಗೆ ವಿಮಾನ. ವಿಮಾನದಲ್ಲಿ ಬಂದವರ ಹಸಿವು ಬೇರೆ, ಪಾಳಿ ಮುಗಿಸಿ ಬಂದವರ ಹಸಿವು ಬೇರೆ. ಮೊದಲನೆಯದಕ್ಕೆ ಮೆನು ಸಾಕು. ಎರಡನೆಯದಕ್ಕೆ ದಿನಾ, ಹೊತ್ತಿಗೆ ಸರಿಯಾಗಿ, ಸಂಬಳಕ್ಕೆ ಎಟಕುವ ಬೆಲೆಗೆ ಅಡುಗೆ ಬೇಕು. ಅಂಥ ಅಡುಗೆ ಮಾಡುವ ಹೋಟೆಲು ಕಾರ್ಮಿಕರ ಜೊತೆಗೇ ಸೊರಗುತ್ತೆ. ಯಾವ ರೇಟಿಂಗಿಗೂ ಅದನ್ನು ಉಳಿಸೋಕೆ ಆಗೋದಿಲ್ಲ, ಯಾಕಂದ್ರೆ ಅಲ್ಲಿ ತಿಂದವರು ಯಾರೂ ರೇಟಿಂಗ್ ಹಾಕುವವರಾಗಿರಲಿಲ್ಲ.

ಭದ್ರಾವತಿಯಲ್ಲಿ ಇನ್ನೂ ಒಲೆ ಹಚ್ಚುತ್ತಿರುವ ಹೋಟೆಲುಗಳಿಗೆ ಹೋಗಿ ಬನ್ನಿ. ಹದಿಮೂರನೇ ಶತಮಾನದ ಲಕ್ಷ್ಮೀನರಸಿಂಹ ದೇವಸ್ಥಾನ ನೋಡೋಕೆ ಹೋದಾಗಲಾದರೂ ಸರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗೆಳೆಯರನ್ನು ನೋಡೋಕೆ ಹೋದಾಗಲಾದರೂ ಸರಿ. ರೀಲ್ಸಿಗೆ ಬೇಕಾದ ಬೆಳಕು ಅಲ್ಲಿ ಸಿಗದೇ ಇರಬಹುದು. ಬಿಸಿ ಇಡ್ಲಿಗೆ ಬೆಳಕು ಬೇಡ.

ಇನ್ನು ನಾವೇನು ಮಾಡಬಹುದು? ಪಟ್ಟಿ ಬರೆಯೋದು ನಿಲ್ಲಿಸಬೇಕಾಗಿಲ್ಲ. ಸ್ಟಾರ್ ಕೊಡುವಾಗ ಅದರ ಕೆಳಗೆ ನಾಲ್ಕು ವಿಷಯ ಬರೆಯಿರಿ: ಯಾವ ವಾರ, ಎಷ್ಟು ಗಂಟೆಗೆ ತಿಂದಿರಿ; ಪಕ್ಕದ ಟೇಬಲಿನಲ್ಲಿ ಯಾರಿದ್ದರು; ಏನು ಖಾಲಿಯಾಗಿತ್ತು; ಒಂದು ತಿಂಡಿ-ಕಾಫಿಗೆ ಎಷ್ಟಾಯ್ತು. ಓದುವವರಿಗೆ ಹೋಟೆಲಿನ ಬಗ್ಗೆಯೂ ಊರಿನ ಬಗ್ಗೆಯೂ ಐದು ಸ್ಟಾರಿಗಿಂತ ಹೆಚ್ಚು ತಿಳಿಯುತ್ತೆ. ಮತ್ತೆ, ಮುಂದಿನ ಸಲ ಊರಿಗೆ ಹೋದಾಗ ಭಾನುವಾರ ರಾತ್ರಿಯ ಟಿಕೆಟ್ ಕ್ಯಾನ್ಸಲ್ ಮಾಡಿ, ಸೋಮವಾರ ಒಂದು ರಜೆ ಹಾಕಿ. ಹತ್ತೂವರೆಗೆ ಹೋಗಿ. ಜಾಗ ಇಲ್ಲದಿದ್ದರೆ ಗಲ್ಲಾದ ಹತ್ತಿರ ಸ್ವಲ್ಪ ಹೊತ್ತು ನಿಂತಿರಿ. ಎದುರಿನ ಕುರ್ಚಿ ಖಾಲಿಯಾದಾಗ, ಅಪರಿಚಿತರ ಟೇಬಲಾದರೂ ಪರವಾಗಿಲ್ಲ, ಕೂತು ತಿನ್ನಿ.