ಹೊಸಿಲಿಗೂ ಬೀರುವಿಗೂ ಒಂದೇ ಪಾಲಿಶ್

ಮರದ ಬಣ್ಣವೂ ಎಳೆಯೂ ಮರೆಯಾಗದಂತೆ ಅದಕ್ಕೆ ರಕ್ಷಣೆ ಒದಗಿಸುವ ಕೆಲಸವನ್ನೆಲ್ಲ ಪಾಲಿಶ್ ಎಂದೇ ಕರೆಯುವುದಾದರೂ, ಮರದೊಳಗೆ ಇಂಗುವ ಎಣ್ಣೆ, ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುವ ಅರಗು, ಮೇಲೆ ಗಟ್ಟಿ ಪೊರೆಯಾಗಿ ನಿಲ್ಲುವ ಪಿಯು, ಅಂದರೆ ಪಾಲಿಯುರೆಥೇನ್, ಇವುಗಳ ಗುಣ ಬೇರೆ ಬೇರೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಸ ಮನೆಗಳಲ್ಲಿ ಚದರ ಅಡಿಯ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟು ಮುಂಬಾಗಿಲಿನ ಪಿಯುವನ್ನೇ ಹೊಸಿಲಿಗೂ ಬಳಿಸುವ ಪದ್ಧತಿ ಹೊಳಪನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ.

ದಿನವೂ ನೀರು ಹಾಕಿ ತೊಳೆದು, ಅರಿಸಿನ ಹಚ್ಚಿ, ಕುಂಕುಮವಿಟ್ಟು, ಮನೆಮಂದಿಯೆಲ್ಲ ದಾಟುವ ಹೊಸಿಲು ಮಳೆಗಾಲದಲ್ಲಿ ತೇವ ಹೀರಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವಾಗ, ಬಾಗಿಲುವಾಡದ ನಿಲುವು ಮರ ಅದನ್ನು ಸೇರುವ ಸಂದಿಯಲ್ಲಿ ಪೊರೆ ಬಿರಿಯುತ್ತದೆ; ಅಲ್ಲಿಂದ ಒಳಹೊಕ್ಕ ನೀರು ಹೊರಬರಲಾರದೆ ಮರವನ್ನು ಕಪ್ಪಾಗಿಸುತ್ತದೆ. ಬಿಸಿಲು ಬೀಳುವ ಕಡೆ ಪೊರೆಯನ್ನು ದಾಟಿ ಬರುವ ಅತಿನೇರಳೆ ಕಿರಣಗಳು ಮರದ ನಾರುಗಳನ್ನು ಬೆಸೆದಿಡುವ ಲಿಗ್ನಿನ್ ಎಂಬ ಅಂಶವನ್ನು ಒಡೆಯುವುದರಿಂದ, ಪೊರೆ ಚೆನ್ನಾಗಿದ್ದರೂ ಅದರಡಿಯ ಹಿಡಿತ ಸಡಿಲವಾಗಿ ಸಿಪ್ಪೆಯಂತೆ ಏಳುತ್ತದೆ, ಆಗ ಪೂರ್ತಿ ಉಜ್ಜಿ ತೆಗೆಯದೆ ಬೇರೆ ದಾರಿಯಿಲ್ಲ. ಕಾಯಿಸಿದ ಅಗಸೆ ಎಣ್ಣೆ ಕುಡಿಸಿದ ಹೊಸಿಲು ಅಷ್ಟು ಹೊಳೆಯದು, ನೀರನ್ನೂ ಪೂರ್ತಿ ತಡೆಯದು. ಆದರೆ ಸವೆದಲ್ಲಿ ಮನೆಯವರೇ ಮತ್ತೆ ಎಣ್ಣೆ ಒರೆಸಿಕೊಳ್ಳಬಹುದಾದ್ದರಿಂದ ಅಲ್ಲಿಗೆ ಅದೇ ಮೇಲು. (ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬಾರದು, ಹರಡಿ ಒಣಗಿಸಬೇಕು: ಅಗಸೆ ಎಣ್ಣೆ ಗಾಳಿಯೊಡನೆ ಕೂಡಿ ಗಟ್ಟಿಯಾಗುವಾಗ ಹುಟ್ಟುವ ಕಾವಿಗೆ ಅದು ತಾನಾಗಿ ಹೊತ್ತಿಕೊಳ್ಳಬಹುದು.)

ಅರಗಿನ ಶ್ರೇಷ್ಠ ಬಳಕೆ ಮದ್ದೂರಿನ ನೆರೆಯ ಚನ್ನಪಟ್ಟಣದಲ್ಲಿದೆ. ಅಲ್ಲಿ ಆಲೆ ಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ತಿಕ್ಕಾಟದ ಬಿಸಿಗೆ ಅದು ಕರಗಿ ಹರಡಿದ ಮೇಲೆ ತಾಳೆಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಬಣ್ಣವೂ ರಕ್ಷಣೆಯೂ ಒಂದೇ ಪದರದಲ್ಲಿ ಕೂಡುವ ಈ ಕೌಶಲ ಮೆಚ್ಚತಕ್ಕದ್ದು. ಆದರೂ ಸುಮಾರು 75 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವ ಅರಗು, ಕುದಿಯುವ ಎಸರಿಗೆ ಇಳಿಯುವ ಹಿಟ್ಟಿನ ಕೋಲಿಗೆ ಒಗ್ಗದು. ರಾಗಿಹಿಟ್ಟು ತೊಳಸುವ ಆ ಕೋಲಿಗೆ ಪಿಯುವೂ ಸಲ್ಲದು, ಏಕೆಂದರೆ ಪಾತ್ರೆಯ ಅಂಚಿಗೆ ತಾಗಿ ಎದ್ದ ಚಕ್ಕೆ ನೇರ ಮುದ್ದೆಗೇ ಸೇರುತ್ತದೆ. ಬರಿಮರವಾಗಿಯೇ ಬಿಟ್ಟು, ತೊಳೆದು, ನಿಲ್ಲಿಸಿ ಒಣಗಿಸುವ ಹಳೆಯ ಕ್ರಮವೇ ಸರಿ. ಪಿಯುವಿಗೆ ತಕ್ಕ ಜಾಗ ಒಳಮನೆಯ ಊಟದ ಮೇಜು, ಬೀರು, ಮಂಚಗಳು: ಬಿಸಿ ಲೋಟ ಇಟ್ಟಲ್ಲಿ ಅರಗಿನ ಪಾಲಿಶ್ ಬೆಳ್ಳಗೆ ಕಲೆಗಟ್ಟಿದರೆ ಪಿಯು ಅದನ್ನು ತಡೆದುಕೊಳ್ಳುತ್ತದೆ, ಅಲ್ಲಿ ಅದನ್ನು ಹಳಿಯಲು ಕಾರಣವಿಲ್ಲ.