ಮಂಜಿನ ನಾಡಿಗೆ ಗ್ರೀಕರು ಹೋಗಿದ್ದರೆ

‘ಹೀಗಾಗಿದ್ದರೆ?’ ಎಂದು ಇತಿಹಾಸವನ್ನು ಮಗುಚಿ ನೋಡುವ ಕಥೆಗಳು ನನಗೆ ಇಷ್ಟ. ಚಟ ಹಳೆಯದು. ಅಲೆಕ್ಸಾಂಡರ್ ಪಶ್ಚಿಮಕ್ಕೆ ದಂಡೆತ್ತಿ ಬಂದಿದ್ದರೆ ಏನಾಗುತ್ತಿತ್ತು ಎಂದು ರೋಮಿನ ಇತಿಹಾಸಕಾರ ಲಿವಿ ಎರಡು ಸಾವಿರ ವರ್ಷಗಳ ಹಿಂದೆಯೇ ಕೇಳಿಕೊಂಡ. ರೋಮೇ ಗೆಲ್ಲುತ್ತಿತ್ತು ಎಂದು ತೀರ್ಪನ್ನೂ ತಾನೇ ಕೊಟ್ಟುಬಿಟ್ಟ. ಕೇಳಿದವನಿಗೆ ಬೇಕಾದ ಉತ್ತರವೇ ಸಿಗುವುದು ಈ ಪ್ರಕಾರದ ಹುಟ್ಟುದೋಷ.

ಗ್ರೀಕರನ್ನು ಬ್ರಿಟನ್ನಿಗೋ ಬಾಲ್ಟಿಕ್ ತೀರಕ್ಕೋ ಕಳಿಸುವ ಕಲ್ಪನೆಗೂ ಈ ದೋಷ ಸುಲಭವಾಗಿ ಅಂಟುತ್ತದೆ. ಅದಕ್ಕೆ ಒಳ್ಳೆಯ ನೆಪ ಪೈಥಿಯಾಸ್. ಈಗಿನ ಮಾರ್ಸೇಲ್, ಆಗಿನ ಮಸ್ಸಾಲಿಯಾದ ಈ ಗ್ರೀಕ್ ನಾವಿಕ ಕ್ರಿ.ಪೂ. 325ರ ಸುಮಾರಿಗೆ ಬ್ರಿಟನ್ ತಲುಪಿ, ಅಲ್ಲಿಂದ ಉತ್ತರಕ್ಕೆ ಆರು ದಿನದ ಹಾದಿಯಲ್ಲಿರುವ ಥೂಲೆಯ ಸುದ್ದಿ ತಂದ. ಅವನ ಪುಸ್ತಕ ಕಳೆದುಹೋಗಿದೆ. ಸ್ಟ್ರಾಬೋ ಅವನನ್ನು ಸುಳ್ಳುಗಾರ ಎಂದು ಜರೆದಿದ್ದಾನೆ. ಅವನ ಹಿಂದೆಯೇ ಹತ್ತು ಹಡಗು ಜನ ಹೋಗಿ ನೆಲೆಸಿದ್ದರೆ? ಪ್ರಶ್ನೆ ಚೆನ್ನಾಗಿದೆ. ಉತ್ತರವಾಗಿ ಮಂಜಿನ ನಡುವೆ ಅಮೃತಶಿಲೆಯ ಕಂಬಗಳು, ಬಯಲು ರಂಗಮಂದಿರ, ಮುನ್ನೂರು ವರ್ಷವಾದರೂ ಮುಕ್ಕಾಗದ ಗ್ರೀಕ್ ಭಾಷೆ ಬಂದರೆ ನಾನು ಪುಸ್ತಕ ಮುಚ್ಚುತ್ತೇನೆ.

ಪ್ರಾಜೆಕ್ಟುಗಳ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಹಾಗಾಗಿ ನಾನು ಮೊದಲು ಕೇಳುವುದು ಎಣ್ಣೆ ಎಲ್ಲಿಂದ ಬರುತ್ತದೆ ಎಂದು. ಅಡುಗೆಗೆ, ದೀಪಕ್ಕೆ, ಮೈಗೆ ಹಚ್ಚಲು ಗ್ರೀಕನಿಗೆ ಆಲಿವ್ ಎಣ್ಣೆ ಬೇಕು; ಆ ಮರ ಬಾಲ್ಟಿಕ್ಕಿನ ಚಳಿಗೆ ಬದುಕದು. ಅಂದಮೇಲೆ ವರ್ಷವರ್ಷವೂ ಹಡಗು ಬರಬೇಕು, ಹೋಗುವಾಗ ತುಂಬಿಕೊಳ್ಳಲು ಸರಕೂ ಇರಬೇಕು. ಕಪ್ಪು ಸಮುದ್ರದ ವಸಾಹತುಗಳಿಗೆ ಗೋಧಿ ಇತ್ತು, ಅದನ್ನು ಕೊಳ್ಳಲು ಆಥೆನ್ಸ್ ಇತ್ತು. ಬಾಲ್ಟಿಕ್ಕಿನಲ್ಲಿ ಅಂಬರ್ ಮಣಿ ಸಿಗುತ್ತದೆ, ನಿಜ. ಆದರೆ ಅದು ನದಿದಾರಿಗಳಲ್ಲಿ ಕೈಯಿಂದ ಕೈಗೆ ದಾಟಿ ಹೇಗೂ ದಕ್ಷಿಣಕ್ಕೆ ಬರುತ್ತಲೇ ಇತ್ತು. ಅಷ್ಟಕ್ಕಾಗಿ ಊರನ್ನೇ ಏಕೆ ಕಟ್ಟಬೇಕು ಎಂಬುದನ್ನು ಕಥೆಗಾರ ಹೇಳಬೇಕಾಗುತ್ತದೆ.

ಸೋಜಿಗವೆಂದರೆ, ಇಂಥ ಕಥೆಗೆ ಬೇಕಾದ ಸಾಮಗ್ರಿ ಹೆರೊಡೋಟಸ್‌ನ ನಾಲ್ಕನೆಯ ಸಂಪುಟದಲ್ಲಿ ರಾಶಿ ಬಿದ್ದಿದೆ. ಸಿಥಿಯನ್ನರ ಸೀಮೆಯಾಚೆ ಗೆಲೋನಸ್ ಎಂಬ ಊರು. ಕೋಟೆ ಮರದ್ದು, ಮನೆಗಳು ಮರದವು, ಗ್ರೀಕ್ ದೇವರುಗಳ ಗುಡಿಗಳೂ ಮರದವೇ. ಬಂದರು ಬಿಟ್ಟು ಒಳನಾಡಿಗೆ ಸರಿದ ಗ್ರೀಕರ ಸಂತತಿ ಅದು. ಆಡುವ ಮಾತು ಅರ್ಧ ಸಿಥಿಯನ್, ಅರ್ಧ ಗ್ರೀಕ್. ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಳೆಯುತ್ತಿರುವ ನಮ್ಮ ಮಕ್ಕಳ ಕನ್ನಡ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಸ್ಕೈಲೀಸ್: ಗ್ರೀಕ್ ತಾಯಿಯ ಮಗನಾದ ಸಿಥಿಯನ್ ದೊರೆ. ಸೈನ್ಯವನ್ನು ಒಲ್ಬಿಯಾ ಪಟ್ಟಣದ ಹೊರಗೆ ನಿಲ್ಲಿಸಿ, ಒಳಗೆ ಹೋಗಿ ಗ್ರೀಕ್ ಉಡುಪು ತೊಟ್ಟು ತಿಂಗಳುಗಟ್ಟಲೆ ಇದ್ದುಬಿಡುತ್ತಿದ್ದ. ಡಯೋನೈಸಸ್‌ನ ಆವೇಶದಲ್ಲಿ ಕುಣಿಯುವಾಗ ತನ್ನವರ ಕಣ್ಣಿಗೆ ಬಿದ್ದ. ಸೋದರನೇ ಅವನ ತಲೆ ಕಡಿಸಿದ.

ಅದೇ ಒಲ್ಬಿಯಾವನ್ನು ಐದೂವರೆ ಶತಮಾನಗಳ ನಂತರ ಕಂಡ ಡಿಯೋ ಕ್ರೈಸಾಸ್ಟಮ್ ಬರೆದಿರುವುದು ಇನ್ನೂ ನಾಟುತ್ತದೆ. ಜನ ಸಿಥಿಯನ್ನರಂತೆ ಷರಾಯಿ ತೊಟ್ಟಿದ್ದಾರೆ, ಗ್ರೀಕ್ ಸರಿಯಾಗಿ ಬರುವುದಿಲ್ಲ, ಆದರೆ ಹೋಮರನ ಇಲಿಯಡ್ ಹೆಚ್ಚುಕಡಿಮೆ ಎಲ್ಲರಿಗೂ ಬಾಯಿಪಾಠ. ಭಾಷೆ ಸೋರಿಹೋದ ಮೇಲೂ ಕಾವ್ಯವನ್ನು ಹಿಡಿದು ಕೂತ ಈ ಊರಿಗಿಂತ ವಿಚಿತ್ರವಾದದ್ದನ್ನು ಯಾವ ಕಲ್ಪನೆ ಕಟ್ಟೀತು?

ಈ ತೊಡಕನ್ನು ಕಾದಂಬರಿಯಾಗಿಸಿದವರು ನವೋಮಿ ಮಿಚಿಸನ್. 1931ರ ‘ದ ಕಾರ್ನ್ ಕಿಂಗ್ ಅಂಡ್ ದ ಸ್ಪ್ರಿಂಗ್ ಕ್ವೀನ್’ ಕೃತಿಯಲ್ಲಿ ಅವರು ಕಪ್ಪು ಸಮುದ್ರದ ತೀರದಲ್ಲಿ ಮರೋಬ್ ಎಂಬ ನಾಡನ್ನೇ ಹುಟ್ಟಿಸುತ್ತಾರೆ. ಅದರ ಬೆಳೆರಾಜ ಟ್ಯಾರಿಕ್‌ಗೆ ಗ್ರೀಕ್ ಹೆಸರೂ ಒಂದಿದೆ. ಸ್ಫೈರೋಸ್ ಎಂಬ ಗ್ರೀಕ್ ದಾರ್ಶನಿಕ ಅಲ್ಲಿಗೆ ಬಂದ ಮೇಲೆ ರಾಜನಿಗೆ ತನ್ನನ್ನು ಹೊರಗಿನಿಂದ ನೋಡುವ ಕಣ್ಣು ಬರುತ್ತದೆ. ಅದರೊಂದಿಗೆ ಅನುಮಾನವೂ ಬಂದು, ಹೊಲಕ್ಕೂ ಅವನಿಗೂ ಇದ್ದ ನಂಟು ಬಿರುಕು ಬಿಡುತ್ತದೆ. ವಲಸೆ ಎರಡೂ ಕಡೆಯವರನ್ನು ಕದಡುತ್ತದೆ ಎಂಬುದು ಮಿಚಿಸನ್‌ಗೆ ಗೊತ್ತು. ಸ್ಪಾರ್ಟಾದ ಭಾಗ ವಿಪರೀತ ಉದ್ದವಾಗಿ ಕಥೆಯನ್ನೇ ನುಂಗುತ್ತದೆ. ಅಲ್ಲಿ ನನ್ನ ತಾಳ್ಮೆ ತಪ್ಪಿತು. ಪುಟ ಹಾರಿಸಿ ಓದಿದರೂ ಅಡ್ಡಿಯಿಲ್ಲ, ಮರೋಬಿನ ಉಳುಮೆ ಹಬ್ಬವನ್ನು ಮಾತ್ರ ಹಾರಿಸಬೇಡಿ.