ಕಾಯಿಸುವ ಅಪ್ಪ, ಕಾಯುವ ಮಗಳು

ಇರಾನಿನ ನಿರ್ದೇಶಕ ಮೊಹ್ಸೆನ್ ಮಖ್ಮಲ್ಬಾಫ್ ಅವರ ‘ಗಬ್ಬೆ’ (1996) ಚಿತ್ರದ ಅಪ್ಪ ಮಗಳ ಮದುವೆಗೆ ಖಡಾಖಂಡಿತವಾಗಿ ‘ಆಗದು’ ಎನ್ನುವುದಿಲ್ಲ. ಪಟ್ಟಣಕ್ಕೆ ಹೋದ ತನ್ನ ಸೋದರ ಮರಳಿ ಬರಲಿ ಎನ್ನುತ್ತಾನೆ. ಅವನು ಬಂದ ಮೇಲೆ, ಮೊದಲು ಅವನ ಮದುವೆ ಆಗಲಿ ಎನ್ನುತ್ತಾನೆ. ಅದೂ ಮುಗಿದ ಮೇಲೆ, ನಿನ್ನ ತಾಯಿಯ ಹೆರಿಗೆ ಆಗಲಿ ಎನ್ನುತ್ತಾನೆ. ಬೆಟ್ಟದ ಆಚೆ ಕುದುರೆಯ ಮೇಲೆ ಕೂತ ಹುಡುಗ ತೋಳದಂತೆ ಊಳಿಟ್ಟು ಅವಳನ್ನು ಕರೆಯುತ್ತಲೇ ಇರುತ್ತಾನೆ. ಇತ್ತ ಡೇರೆ ಕಿತ್ತು ಜನ ಹೊರಡುತ್ತಾರೆ, ಕುರಿಮಂದೆ ನಡೆದು, ಹುಲ್ಲುಗಾವಲು ಹಿಮವಾಗಿ, ಹಿಮ ಮತ್ತೆ ಹುಲ್ಲಾಗುತ್ತದೆ. ಹುಡುಗಿ ನೇಯುತ್ತಾಳೆ, ಕಾಯುತ್ತಾಳೆ.

ಚಿತ್ರದ ಜನ ದಕ್ಷಿಣ ಇರಾನಿನ ಫಾರ್ಸ್ ಪ್ರಾಂತ್ಯದ ಕಷ್ಕಾಯಿ ಅಲೆಮಾರಿಗಳು. ಇವರ ಮನೆಮಾತು ತುರ್ಕಿ ಬಳಗದ್ದು. ಚಳಿಗಾಲಕ್ಕೆ ಪರ್ಷಿಯನ್ ಕೊಲ್ಲಿಯ ಕಡೆಯ ತಗ್ಗುನಾಡಿಗೆ, ಬೇಸಿಗೆಗೆ ಝಾಗ್ರೋಸ್ ಬೆಟ್ಟಗಳಿಗೆ ಕುರಿ ಹೊಡೆದುಕೊಂಡು ಹೋಗುವುದು ಅವರ ಬದುಕಿನ ಕ್ರಮ. ಗಬ್ಬೆ ಎಂದರೆ ಅವರ ಹೆಂಗಸರು ನೇಯುವ ದಪ್ಪ ಉಣ್ಣೆಯ ಜಮಖಾನ. ಮೊದಲೇ ಬರೆದಿಟ್ಟ ನಕ್ಷೆ ಇಲ್ಲದೆ, ಕಂಡದ್ದನ್ನೂ ನೆನೆದದ್ದನ್ನೂ ನೇರವಾಗಿ ಮಗ್ಗಕ್ಕೆ ಇಳಿಸುವುದು ಇದರ ವಿಶೇಷ. ಈ ನೇಯ್ಗೆಯ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಹೊರಟ ಮಖ್ಮಲ್ಬಾಫ್ ಕಥಾಚಿತ್ರ ಮಾಡಿಕೊಂಡು ಬಂದರು. ಮಹಮೂದ್ ಕಲಾರಿ ಅವರ ಛಾಯಾಗ್ರಹಣ, ಹೊಸೇನ್ ಅಲಿಝಾದೆ ಅವರ ಸಂಗೀತ ಇರುವ ಈ 75 ನಿಮಿಷದ ಚಿತ್ರ 1996ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಈ ಚಿತ್ರವನ್ನು ನೋಡುವ ಕನ್ನಡಿಗರಿಗೆ ದಾವಣಗೆರೆ ಜಿಲ್ಲೆಯ ತಾಂಡಾಗಳು ನೆನಪಾಗದೆ ಇರುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಲಂಬಾಣಿಗರ ಗುರು ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ನಂಬಲಾಗುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿ ನಡೆಯುವ ಜಯಂತಿಗೆ ರಾಜ್ಯದ ಆಚೆಯಿಂದಲೂ ಜನ ಬರುತ್ತಾರೆ. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದ ಈ ಸಮುದಾಯದ ಕಸುಬನ್ನು ರೈಲು, ಸಡಕುಗಳು ಕಿತ್ತುಕೊಂಡವು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಅಲೆಮಾರಿಗಳ ನೆತ್ತಿಗೆ ಕಳಂಕ ಹಚ್ಚಿತು. ಇರಾನಿನಲ್ಲೂ 1930ರ ದಶಕದಲ್ಲಿ ರೆಝಾ ಶಾ ಸರ್ಕಾರ ಅಲೆಮಾರಿಗಳನ್ನು ಬಲವಂತವಾಗಿ ಒಂದೆಡೆ ನಿಲ್ಲಿಸಿತ್ತು. ಎರಡೂ ಕಡೆ ತಿರುಗಾಟ ಕಡಿಮೆಯಾಯಿತು. ಮಗಳ ಮದುವೆಯನ್ನು ತೀರ್ಮಾನಿಸುವ ಹಿರಿಯರ ಕೈ ಮಾತ್ರ ಸಡಿಲವಾಗಲಿಲ್ಲ.

ಚಿತ್ರದ ಅತ್ಯಂತ ಸುಂದರ ದೃಶ್ಯ ಡೇರೆಯ ಶಾಲೆಯದು. ಪಟ್ಟಣದಿಂದ ಬಂದ ಸೋದರ ಮಕ್ಕಳಿಗೆ ಬಣ್ಣದ ಪಾಠ ಹೇಳುತ್ತಾನೆ. ಅವನು ಕೈ ಚಾಚಿದರೆ ಹೂವಿನ ಕೆಂಪು ಬೆರಳ ನಡುವೆ ಬಂದು ಕೂರುತ್ತದೆ, ಗೋಧಿ ಹೊಲದ ಹಳದಿ ಹಿಡಿಗೆ ಸಿಗುತ್ತದೆ, ಆಕಾಶ ತಾಗಿದ ಅಂಗೈ ನೀಲಿಯಾಗುತ್ತದೆ. ಕಷ್ಕಾಯಿಗಳಲ್ಲಿ ಡೇರೆ ಶಾಲೆಗಳು ಕಟ್ಟುಕಥೆಯಲ್ಲ. ಮೊಹಮ್ಮದ್ ಬಹ್ಮನ್‌ಬೇಗಿ ಎಂಬ ಶಿಕ್ಷಣತಜ್ಞರು 1950ರ ದಶಕದಿಂದ ಅಲೆಮಾರಿ ಮಕ್ಕಳಿಗಾಗಿ ಇಂಥ ಶಾಲೆಗಳನ್ನು ಕಟ್ಟಿದರು. ನಿಜದ ಆ ಚರಿತ್ರೆಯ ಮೇಲೆ ಮಾಯೆಯ ಬಣ್ಣ ಹಚ್ಚಿರುವುದರಿಂದಲೇ ದೃಶ್ಯ ಮನಸ್ಸಿನಲ್ಲಿ ನಿಲ್ಲುತ್ತದೆ.

ಇದೇ ಮೇಷ್ಟ್ರ ಮದುವೆಯಲ್ಲಿ ಚಿತ್ರದ ವಿಮರ್ಶೆ ಹರಿತವಾಗುತ್ತದೆ. ಅವನಿಗೆ 57 ವರ್ಷ. ನೀರಿನ ಬಳಿ ಹಾಡುವ ಹೆಣ್ಣು ತನ್ನವಳಾಗುತ್ತಾಳೆಂದು ಕನಸು ಕಂಡಿದ್ದಾನೆ. ಹುಡುಕಿ ಹೊರಡುತ್ತಾನೆ, ಕಾಣುತ್ತಾನೆ, ಕೇಳುತ್ತಾನೆ, ಮದುವೆಯಾಗುತ್ತದೆ. ಮನಸ್ಸಿಗೆ ಬಂದವಳನ್ನು ವರಿಸಲು ಗಂಡಸಿಗೆ ಯಾರ ಹೆರಿಗೆಯೂ ಅಡ್ಡಬರುವುದಿಲ್ಲ. ಅವನ ಮದುವೆಗಾಗಿಯೇ ತನ್ನದನ್ನು ಮುಂದೂಡಿಸಿಕೊಂಡ ಹುಡುಗಿ ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡುತ್ತಾಳೆ. ಮಖ್ಮಲ್ಬಾಫ್ ಇಲ್ಲಿ ಭಾಷಣ ಮಾಡುವುದಿಲ್ಲ. ಎರಡು ಮದುವೆಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ನೋಡುವವರಿಗೆ ಅಷ್ಟು ಸಾಕು.

ತಾಂಡಾದ ತೀಜ್ ಹಬ್ಬವನ್ನು ಇದೇ ಕಣ್ಣಿನಿಂದ ನೋಡಬೇಕು. ಶ್ರಾವಣದಲ್ಲಿ ಮದುವೆಯಾಗದ ಹುಡುಗಿಯರು ನಾಯಕನ ಅಪ್ಪಣೆ ಕೇಳಿ ಬುಟ್ಟಿಗಳಲ್ಲಿ ಮಣ್ಣು ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ತಲೆಯ ಮೇಲೆ ಕೊಡ ಹೊತ್ತು ತಂದು, ಹಾಡುತ್ತಾ ನೀರುಣಿಸುತ್ತಾರೆ. ಸಸಿ ಹುಲುಸಾಗಿ ಬಂದರೆ ಒಳ್ಳೆಯ ಗಂಡ ಸಿಗುತ್ತಾನೆಂಬ ನಂಬಿಕೆ. ಜೊತೆಗೆ ಒಂದು ಆಟವಿದೆ: ನೆನೆಸಿದ ಕಡಲೆಯನ್ನು ಬೋರೆಹಣ್ಣಿನ ಗಿಡದ ಮುಳ್ಳಿಗೆ ಒಂದೊಂದಾಗಿ ಚುಚ್ಚಬೇಕು. ಹುಡುಗಿಯರು ಚುಚ್ಚಲು ಹೋದಾಗ ಹುಡುಗರು ಕೊಂಬೆ ಅಲ್ಲಾಡಿಸುತ್ತಾರೆ. ಬೆರಳಿಗೆ ಮುಳ್ಳು ತಾಗುತ್ತದೆ, ಕಡಲೆ ಜಾರುತ್ತದೆ, ನಗು ಏಳುತ್ತದೆ. ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಎಲ್ಲರ ಕಣ್ಣೆದುರೇ ಕೆಣಕಲು ಸಮುದಾಯ ಒಪ್ಪಿಕೊಟ್ಟ ಗಳಿಗೆ ಅದು. ಕೊನೆಯ ದಿನ ಸಸಿಯನ್ನು ಹಿರಿಯರಿಗೆ ಕೊಟ್ಟು, ಉಳಿದದ್ದನ್ನು ನೀರಿಗೆ ಬಿಡುವಾಗ ಹುಡುಗಿಯರು ಅಳುತ್ತಾರೆ.

ಹುಡುಗಿಯರೇ ಮುಂದೆ ನಿಂತು ನಡೆಸುವ ಹಬ್ಬ ಇದು. ಅದರ ಚೆಲುವನ್ನು ಮನಸಾರೆ ಮೆಚ್ಚಬೇಕು. ಆದರೆ ಗಂಡನಿಗಾಗಿ ಬೇಡುವವಳು ಗಂಡನನ್ನು ಆರಿಸುವವಳಲ್ಲ. ಸಂಬಂಧ ಗಟ್ಟಿಯಾಗುವುದು ನಾಯಕ್, ಕಾರಭಾರಿ, ಹಿರಿಯರು ಕೂಡುವ ನಸಾಬ್ ಪಂಚಾಯಿತಿಯ ಸಾಕ್ಷಿಯಲ್ಲಿ, ಬೆಲ್ಲ ಹಂಚುವ ‘ಗೋಳ್’ ಶಾಸ್ತ್ರದಲ್ಲಿ. ರಾಠೋಡ, ಪವಾರ, ಚವ್ಹಾಣ, ಜಾಧವ ಎಂಬ ಕುಲಗಳ ಲೆಕ್ಕ ನೋಡಿ, ಒಂದೇ ಕುಲದೊಳಗೆ ಆಗದಂತೆ ಎಚ್ಚರ ವಹಿಸುತ್ತಾರೆ. ಹಿಂದೆ ಗಂಡಿನ ಕಡೆಯವರು ಎತ್ತು, ಹಣವನ್ನು ವಧುದಕ್ಷಿಣೆಯಾಗಿ ಕೊಡುತ್ತಿದ್ದರು. ಈಗ ವರದಕ್ಷಿಣೆ ತಾಂಡಾಗಳನ್ನೂ ಹೊಕ್ಕಿದೆ. ಹಣ ಹರಿಯುವ ದಿಕ್ಕು ತಿರುಗಿತು, ಹುಡುಗಿಯನ್ನು ಕೇಳುವ ವಾಡಿಕೆ ಹುಟ್ಟಲಿಲ್ಲ. ಬೀಳ್ಕೊಡುವಾಗ ಮದುಮಗಳು ಎತ್ತಿನ ಮೇಲೆ ನಿಂತು ಹಾಡುವ ‘ಹವೇಲಿ’ ಹಾಡಿನಲ್ಲಿ ತವರಿನ ಏಳಿಗೆಯ ಹಾರೈಕೆಯಿದೆ, ಅಗಲಿಕೆಯ ಅಳಲಿದೆ. ಆ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ.

ಸುಂದರವಾದ ದನಿ, ಕೈಯಲ್ಲಿ ಕಲೆ, ಆದರೆ ತೀರ್ಮಾನದಲ್ಲಿ ಪಾಲಿಲ್ಲ: ಕಷ್ಕಾಯಿ ಹುಡುಗಿಯ ಸ್ಥಿತಿಯೂ ಇದೇ. ಅವಳ ನೇಯ್ಗೆ ಮನೆಗಳನ್ನು, ಸಂಗ್ರಹಾಲಯಗಳನ್ನು ಸೇರುತ್ತದೆ. ನಮ್ಮಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕನ್ನಡಿಬಿಲ್ಲೆ ಕೂರಿಸಿ ಕಾಂಚಳಿ (ರವಿಕೆ), ಫೇಟಿಯಾ (ಲಂಗ) ಹೊಲಿಯುವ ಬೆರಳುಗಳಿಗೆ ಜಗತ್ತು ಚಪ್ಪಾಳೆ ತಟ್ಟಿದ್ದು ಹೆಮ್ಮೆಯ ಸಂಗತಿ. ಆ ಬೆರಳಿನ ಒಡತಿಯ ಮಾತಿಗೂ ಅಷ್ಟೇ ಬೆಲೆ ಬರಬೇಕು.

‘ಗಬ್ಬೆ’ಯ ಕೊರತೆಯೂ ಇದೇ ಜಾಗದಲ್ಲಿದೆ. ಕುದುರೆಯ ಹುಡುಗ ಕೊನೆಯವರೆಗೂ ದೂರದ ಆಕೃತಿ, ಒಂದು ಊಳು. ಅವನ ಗುಣವೇನು, ಅವಳು ಅವನಲ್ಲಿ ಏನು ಕಂಡಳು ಎಂಬುದು ತಿಳಿಯುವುದಿಲ್ಲ. ಹೀಗಾಗಿ ಅವಳ ಆಯ್ಕೆ ಹಂಬಲವಾಗಿ ಮಾತ್ರ ಉಳಿಯುತ್ತದೆ, ಅದರ ಹಿಂದಿನ ವಿವೇಕ ಕಾಣುವುದಿಲ್ಲ. ಆಯ್ದುಕೊಳ್ಳುವ ಹೆಣ್ಣನ್ನು ಹುಚ್ಚು ಪ್ರೀತಿಯವಳೆಂದು ಕಾಣುವ ಚಾಳಿ ನಮ್ಮ ಸಿನಿಮಾಗಳಲ್ಲೂ ಬೇಕಾದಷ್ಟಿದೆ. ಅವಳು ಯೋಚಿಸಿ, ತೂಗಿ, ಬೇಡವಾದದ್ದನ್ನು ಬಿಟ್ಟು ಆರಿಸುತ್ತಾಳೆ ಎಂದು ತೋರಿಸಲು ಮಖ್ಮಲ್ಬಾಫ್ ಅವರ ಬಣ್ಣಗಳೂ ಸಾಲದಾದವು.

ಆದರೂ ಅಂತ್ಯದಲ್ಲಿ ಅವರು ದೊಡ್ಡ ಸತ್ಯವೊಂದನ್ನು ಹಿಡಿದಿದ್ದಾರೆ. ಹುಡುಗಿ ಓಡಿಹೋಗುತ್ತಾಳೆ, ಅಪ್ಪ ಬಂದೂಕು ಹಿಡಿದು ಬೆನ್ನಟ್ಟುತ್ತಾನೆ, ಗುಂಡಿನ ಸದ್ದು ಕೇಳುತ್ತದೆ. ಅವನು ಕೊಂದಿರುವುದಿಲ್ಲ, ಕೊಂದೆನೆಂದು ಸುದ್ದಿ ಹಬ್ಬಿಸುತ್ತಾನೆ, ಉಳಿದ ಹೆಣ್ಣುಮಕ್ಕಳು ಅದೇ ಹಾದಿ ಹಿಡಿಯಬಾರದೆಂದು. ಒಬ್ಬ ಮಗಳ ಬದುಕಿಗಿಂತ ಉಳಿದವರ ಎದೆಯಲ್ಲಿ ಕೂರುವ ಹೆದರಿಕೆ ಅವನಿಗೆ ಮುಖ್ಯ. ಚನ್ನಗಿರಿಯ ಸೂಳೆಕೆರೆಯ ಜನಪದ ಕಥೆಯಲ್ಲೂ ಇಂಥ ಅಪ್ಪನಿದ್ದಾನೆ. ಹೆತ್ತವರನ್ನು ಕೇಳದೆ ಸಿದ್ಧೇಶ್ವರನನ್ನು ಕಾಣಲು ಹೋದ ರಾಜಕುಮಾರಿ ಶಾಂತವ್ವ ಮರಳಿದಾಗ ಅರಸ ಒಳಗೆ ಸೇರಿಸುವುದಿಲ್ಲ. ಪ್ರಾಯಶ್ಚಿತ್ತವೆಂದು ಅವಳು ಕೆರೆ ಕಟ್ಟಿಸುತ್ತಾಳೆ. ಇಂದು ಶಾಂತಿಸಾಗರವೆಂದೂ ಕರೆಯುವ ಆ ಕೆರೆಯ ನೀರನ್ನು ನಾಡು ಉಣ್ಣುತ್ತಿದೆ. ಅವಳು ಮಾಡಿದ ತಪ್ಪಾದರೂ ಏನು ಎಂದು ಕಥೆ ಕೇಳುವುದಿಲ್ಲ.

ಕಾನೂನು ಈ ಪ್ರಶ್ನೆಯನ್ನು ಕೇಳಿದೆ. ವಯಸ್ಕರಿಬ್ಬರು ಒಪ್ಪಿದ ಮದುವೆಗೆ ಅಡ್ಡಬರುವ ಹಕ್ಕು ಕುಲದ ಹಿರಿಯರ ಯಾವ ಖಾಪ್ ಪಂಚಾಯಿತಿಗೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಶಕ್ತಿವಾಹಿನಿ ತೀರ್ಪಿನಲ್ಲಿ ಹೇಳಿತು. 2021ರ ಫೆಬ್ರವರಿಯಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ, ಕುಟುಂಬದ ಅಥವಾ ಕುಲದ ಒಪ್ಪಿಗೆ ಬೇಕಿಲ್ಲ ಎಂಬುದನ್ನು ಮತ್ತೆ ಸ್ಪಷ್ಟಪಡಿಸಿತು. ಆದರೆ ಜಗಳೂರಿನ ಬೆಂಗಾಡಿನಿಂದ ಕಾಫಿ ತೋಟಕ್ಕೋ ಕಬ್ಬಿನ ಗದ್ದೆಗೋ ಗುಳೆ ಹೋಗುವ ಕುಟುಂಬದ ಹುಡುಗಿ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ, ತಾಂಡಾದ ಅಂಗಳದಲ್ಲೇ ಅವಳ ಮಾತು ನಡೆಯಬೇಕು.

ಅದಕ್ಕೆ ಹೊಸ ಸಂಪ್ರದಾಯವೇನೂ ಬೇಕಿಲ್ಲ. ನಸಾಬ್ ಕೂಡಿದಾಗ, ಬೆಲ್ಲ ಹಂಚುವ ಮೊದಲು, ಹುಡುಗಿಯನ್ನು ಕರೆದು ಎಲ್ಲರೆದುರು ‘ನಿನಗೆ ಒಪ್ಪಿಗೆಯೇನವ್ವಾ?’ ಎಂದು ಕೇಳಬೇಕು. ಅವಳು ‘ಇಲ್ಲ’ ಎಂದರೆ ಆ ಸಂಬಂಧ ಅಲ್ಲಿಗೇ ನಿಲ್ಲಬೇಕು, ದಂಡವೂ ಇರಬಾರದು, ನಿಂದೆಯೂ ಇರಬಾರದು. ಸೂರಗೊಂಡನಕೊಪ್ಪದ ಜಾತ್ರೆಯಲ್ಲಿ ಸೇರುವ ನಾಯಕರು, ಕಾರಭಾರಿಗಳು ಇದನ್ನೊಂದು ಕಟ್ಟಳೆಯಾಗಿ ಸಾರಿದರೆ ನಾಲ್ಕು ತಾಲ್ಲೂಕಿನ ತಾಂಡಾಗಳಿಗೆ ಮಾತು ಮುಟ್ಟಲು ತಡವಾಗದು. ‘ಗಬ್ಬೆ’ಯನ್ನು ಇದೇ ತಾಂಡಾಗಳ ಸಮುದಾಯ ಭವನಗಳಲ್ಲಿ ಪರದೆ ಕಟ್ಟಿ, ಕನ್ನಡದಲ್ಲಿ, ಲಂಬಾಣಿಗರ ಮನೆಮಾತಾದ ಗೋರಬೋಲಿಯಲ್ಲಿ ಕಥೆ ವಿವರಿಸುತ್ತಾ ತೋರಿಸಬೇಕು. ಆ ಅಪ್ಪನ ಒಂದೊಂದು ನೆಪಕ್ಕೂ ಅಲ್ಲಿನ ಹುಡುಗಿಯರು ಕೊಡುವ ಉತ್ತರವನ್ನು ಹಿರಿಯರು ಅಲ್ಲೇ ಕೂತು ಕೇಳಬೇಕು.